ಬಿಟ್ಟ ಊರು, ಇರುವ ಊರು

ವಲಸೆ ಬಂದವರು ಕ್ರಮೇಣ ಹಳೆ ಊರನ್ನು ಮರೆತು ಹೊಸ ದೇಶದವರೇ ಆಗಿಬಿಡುತ್ತಾರೆ ಎಂದು ವಿದ್ವಾಂಸರು ಬಹಳ ಕಾಲ ನಂಬಿದ್ದರು. ಅದು ಹಾಗಲ್ಲ ಎಂದು ಗಟ್ಟಿಯಾಗಿ ಹೇಳಿದವರಲ್ಲಿ ನೀನಾ ಗ್ಲಿಕ್ ಶಿಲ್ಲರ್ ಒಬ್ಬರು. ಅಮೆರಿಕದ ಈ ಸಾಮಾಜಿಕ ಮಾನವಶಾಸ್ತ್ರಜ್ಞೆಯ ಹೆಸರು ನಮ್ಮಲ್ಲಿ ಜಾಸ್ತಿ ಜನಕ್ಕೆ ಗೊತ್ತಿರಲಿಕ್ಕಿಲ್ಲ. ಆದರೆ ಅವರನ್ನು ಓದಿದಾಗಲೆಲ್ಲ ನನಗೆ ಹೊರನಾಡಿನ ನಮ್ಮ ಕನ್ನಡ ಸಂಘವೇ ಕಣ್ಣಮುಂದೆ ಬರುತ್ತದೆ.

ಅವರು ಕೆಲಸ ಶುರು ಮಾಡಿದ್ದು ಕೆರಿಬಿಯನ್ ದೇಶವಾದ ಹೈಟಿಯಿಂದ ನ್ಯೂಯಾರ್ಕಿಗೆ ಬಂದ ವಲಸಿಗರ ನಡುವೆ. 1957ರಿಂದ 1986ರವರೆಗೆ ಹೈಟಿಯನ್ನು ಆಳಿದ್ದು ಡುವಾಲಿಯೇ ಕುಟುಂಬದ ಸರ್ವಾಧಿಕಾರ. ಅದರ ಕಾಟ ತಾಳದೆ ಬಂದವರು ಬಹಳ ಜನ. ದುಡಿಮೆ ನ್ಯೂಯಾರ್ಕಿನಲ್ಲಿ, ಆದರೆ ಮನೆಗೆ ಕಳಿಸುವ ಹಣ, ರಾಜಕೀಯದ ವಾಗ್ವಾದ, ನೆಂಟಸ್ತಿಕೆ ಎಲ್ಲ ಹೈಟಿಯದು. 1991ರಲ್ಲಿ ಅಧ್ಯಕ್ಷ ಅರಿಸ್ಟೀಡ್ ಹೊರದೇಶದ ಹೈಟಿಯವರನ್ನು ದೇಶದ ಹತ್ತನೇ ಪ್ರಾಂತ್ಯ ಎಂದೇ ಕರೆದರು. ಆಗ ಅಲ್ಲಿ ಇದ್ದದ್ದು ಒಂಬತ್ತೇ ಪ್ರಾಂತ್ಯ! ಆದರೆ 1987ರ ಸಂವಿಧಾನ ಎರಡು ಪೌರತ್ವವನ್ನು ಒಪ್ಪುತ್ತಿರಲಿಲ್ಲ. ದುಡ್ಡು ಕಳಿಸಬಹುದಿತ್ತು, ಅಮೆರಿಕದ ಪಾಸ್‌ಪೋರ್ಟ್ ತೆಗೆದುಕೊಂಡರೆ ಓಟಿರಲಿಲ್ಲ. ಭಾರತದಲ್ಲಿ ಓಟು ಹಾಕಲು ಬಿಡದ ಒಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಹಿಡಿದಿರುವ ನಮಗೆ ಇದು ಗೊತ್ತಿರುವ ಕಥೆಯೇ, ಅಲ್ವಾ?

ಒಂದೇ ಬದುಕು ಎರಡು ದೇಶಗಳಲ್ಲಿ ಹಬ್ಬಿರುತ್ತದೆ ಎಂಬ ಮಾತನ್ನು ಅವರು 1994ರಲ್ಲಿ ಲಿಂಡಾ ಬಾಷ್ ಮತ್ತು ಕ್ರಿಸ್ಟಿನಾ ಸಾಂಟನ್ ಬ್ಲಾಂಕ್ ಜೊತೆ ಪುಸ್ತಕವಾಗಿ ಬರೆದರು. ಅಲ್ಲಿಗೇ ನಿಂತಿದ್ದರೂ ಅವರ ಹೆಸರು ಉಳಿಯುತ್ತಿತ್ತು. ಅವರು ನಿಲ್ಲಲಿಲ್ಲ. ವಲಸಿಗರನ್ನು ಬರೀ ಅವರವರ ಜನಾಂಗದ ಗುಂಪಾಗಿ ನೋಡುವ ಅಭ್ಯಾಸವನ್ನೇ ಪ್ರಶ್ನಿಸಿದರು. ಮಾನವಶಾಸ್ತ್ರಜ್ಞೆ ಐಶೆ ಚಾಲರ್ ಜೊತೆ ಜರ್ಮನಿಯ ಹಾಲೆಯಂಥ ಊರುಗಳಲ್ಲಿ ವರ್ಷಗಟ್ಟಲೆ ಓಡಾಡಿದರು. ಅಲ್ಲಿನ ಚರ್ಚುಗಳಲ್ಲಿ ಆಫ್ರಿಕಾದಿಂದ ಬಂದವರೂ ಜರ್ಮನರೂ ಒಟ್ಟಿಗೆ ಪ್ರಾರ್ಥಿಸುತ್ತಿದ್ದರು. ಗುಂಪಿನ ಲೆಕ್ಕದಲ್ಲಿ ನೋಡುವವರಿಗೆ ಈ ಸ್ನೇಹ ಕಾಣುವುದೇ ಇಲ್ಲ.

ನನಗೆ ನಾಟಿದ್ದು ಇದು. ನಮ್ಮ ಸಂಘದ ವರದಿಗಳಲ್ಲೂ ನಾವು ಬರೀ ಕನ್ನಡಿಗರು. ಯುಗಾದಿ, ರಾಜ್ಯೋತ್ಸವ, ಊರಿಗೆ ಕಳಿಸಿದ ದೇಣಿಗೆ. ಇವೆಲ್ಲ ಬೇಕು. ಆದರೆ ಲಂಡನ್ನಿನ ಥೇಮ್ಸ್ ದಡದಲ್ಲಿ 2015ರ ನವೆಂಬರಿನಲ್ಲಿ ಬಸವಣ್ಣನವರ ಪ್ರತಿಮೆ ಅನಾವರಣಗೊಂಡಿತಲ್ಲ, ಅದರ ಹಿಂದೆ ಓಡಾಡಿದ ಡಾ. ನೀರಜ್ ಪಾಟೀಲ್ ಕಲಬುರಗಿಯವರು ಹೌದು, ಲಂಡನ್ನಿನದೇ ಭಾಗವಾದ ಲ್ಯಾಂಬೆತ್‌ನ ಮೇಯರ್ ಆಗಿದ್ದವರೂ ಹೌದು. ಲ್ಯಾಂಬೆತ್‌ನ ಜನರ ಜೊತೆ ಬೆರೆಯದೆ ಮೇಯರ್ ಗಿರಿ ಸುಮ್ನೆ ಬರುವುದಿಲ್ಲ.

ಹಾಗಾಗಿ ಒಂದು ಕೋರಿಕೆ. ಊರಿನ ನೆನಪಿನ ಬರಹಗಳು ಎಂದಿನಂತೆ ಬರಲಿ. ಜೊತೆಗೆ ನೀವು ಇರುವ ಬೀದಿಯ ಬಗ್ಗೆಯೂ ಬರೆಯಿರಿ. ಕೌನ್ಸಿಲ್ ಸಭೆಯಲ್ಲಿ ಎದ್ದು ಮಾತಾಡಿದ್ದು, ಫುಡ್ ಬ್ಯಾಂಕಿನಲ್ಲಿ ಕೈಜೋಡಿಸಿದ್ದು, ಪೋಲೆಂಡಿನ ಪಕ್ಕದ ಮನೆಯವರು ಕಷ್ಟಕ್ಕೆ ಆದದ್ದು. ನಮ್ಮ ಪತ್ರಿಕೆಯ ರಾಜ್ಯೋತ್ಸವದ ಸಂಚಿಕೆಯಲ್ಲಿ ಮೊದಲ ಪುಟಗಳನ್ನು ಅವಕ್ಕೇ ಇಡುತ್ತೇವೆ.