ಮಹಡಿ ಮನೆಯ ವಿಷಯವಾಗಿ ಪುಟ್ಟಿಗೆ

ಚಿ. ಸೌ. ಪುಟ್ಟಿಗೆ ನಿನ್ನ ಸೋದರಮಾವನ ಆಶೀರ್ವಾದಗಳು. ನಾವೆಲ್ಲ ಇಲ್ಲಿ ಕ್ಷೇಮ.

ಮೈಸೂರಿನ ಮಹಡಿ ಮನೆ ಕೇಳಿಕೊಂಡು ಬಂದವರ ವಿಷಯ ಓದಿದೆ. ಕೆಲಸ ಹೋಗಿ ಮೂರು ತಿಂಗಳಾಗಿದೆ, ಕೈಗೂಸು ಬೇರೆ ಇದೆ, ಹನ್ನೊಂದು ತಿಂಗಳ ಬಾಡಿಗೆಯನ್ನು ಒಂದೇ ಸಲ ನಗದಾಗಿ ಕೊಡುತ್ತೇವೆ ಎನ್ನುತ್ತಿದ್ದಾರೆ. ಸಂಬಳವಿಲ್ಲದವರಿಗೆ ಹೇಗೆ ಕೊಡಲಿ ಎಂದು ನೀನು ಕೇಳಿದ್ದೀಯ. ಮನೆ ಕೊಡು. ಆದರೆ ಅಷ್ಟು ದುಡ್ಡು ತೆಗೆದುಕೊಳ್ಳಬೇಡ.

2009ರಲ್ಲಿ ನಾನು ಒಬ್ಬರಿಂದ ಇಡೀ ವರ್ಷದ ಬಾಡಿಗೆ ಮೊದಲೇ ಪಡೆದೆ. ತಾರಸಿ ಸೋರುತ್ತಿತ್ತು, ಅದಕ್ಕೆ ಅರ್ಧ ಹೋಯಿತು. ಮಿಕ್ಕಿದ್ದು ಮಗಳ ಕಾಲೇಜಿಗೆ. ಐದು ತಿಂಗಳಾಗುವಷ್ಟರಲ್ಲಿ ಅವರಿಗೆ ಹುಬ್ಬಳ್ಳಿಯಲ್ಲಿ ಕೆಲಸ ಸಿಕ್ಕಿತು. ಸಾಮಾನು ತುಂಬಿದ ಲಾರಿ ಬಾಗಿಲಲ್ಲಿ ನಿಂತಿದೆ, ಅವರು ಹಗ್ಗ ಬಿಗಿಯುವುದನ್ನು ಬಿಟ್ಟು ನನ್ನ ಮುಖ ನೋಡುತ್ತಿದ್ದಾರೆ, ಏಳು ತಿಂಗಳ ಹಣ ನನ್ನ ಹತ್ತಿರ ಇಲ್ಲ. ನಿನ್ನ ಅತ್ತೆಯ ಬಳೆ ಗಿರವಿ ಇಟ್ಟು ಕೊಟ್ಟೆ. ಅವಳು ಒಂದು ಮಾತೂ ಆಡಲಿಲ್ಲ. ಇಂದಿಗೂ ಅದು ನನ್ನನ್ನು ಚುಚ್ಚುತ್ತದೆ.

ಕೆಲಸ ಹುಡುಕುತ್ತಿರುವವರಿಗೆ ಯಾವ ಊರಿನಿಂದ ಕರೆ ಬರುತ್ತದೋ ಯಾರು ಬಲ್ಲರು? ಕಳೆಯದ ತಿಂಗಳ ಬಾಡಿಗೆ ನಿನ್ನ ದುಡ್ಡಲ್ಲ, ಪುಟ್ಟಿ. ಮೂರು ತಿಂಗಳದ್ದು ಸಾಕು. ಅದನ್ನೂ ಬೇರೆ ಖಾತೆಯಲ್ಲಿಟ್ಟು, ತಿಂಗಳು ಮುಗಿದಂತೆ 18,000 ಮಾತ್ರ ತೆಗೆದುಕೋ. ಉಳಿದದ್ದು ಅವರ ಬಳಿಯೇ ಇರಲಿ. ಕೂಸಿಗೆ ಜ್ವರ ಬಂದರೆ ಅವರಿಗೂ ಕೈಯಲ್ಲಿ ಕಾಸು ಬೇಕಲ್ಲವೇ?

ನಗದಂತೂ ಬೇಡವೇ ಬೇಡ. ಹನ್ನೊಂದು ತಿಂಗಳಿಗೆ 1,98,000, ಅದರ ಮೇಲೆ ನೀನು ಠೇವಣಿಯಾಗಿ ಕೇಳಿರುವ ಒಂದು ಲಕ್ಷ. ಒಂದೇ ವ್ಯವಹಾರದಲ್ಲಿ ಎರಡು ಲಕ್ಷ ಅಥವಾ ಅದಕ್ಕೂ ಹೆಚ್ಚು ನಗದು ಪಡೆಯುವುದಕ್ಕೆ ಆದಾಯ ತೆರಿಗೆ ಕಾನೂನಿನಲ್ಲಿ ನಿಷೇಧವಿದೆ. ಪಡೆದಷ್ಟೇ ಮೊತ್ತದ ದಂಡ ಪಡೆದವರ ತಲೆಗೆ ಬರುತ್ತದೆ. ಎಲ್ಲವೂ ಬ್ಯಾಂಕಿನ ಮೂಲಕವೇ ಬರಲಿ.

ಕರಾರು ಪತ್ರದಲ್ಲಿ 'ಅಡ್ವಾನ್ಸ್' ಎಂದು ಬರೆಸಿ ಸುಮ್ಮನಾಗಬೇಡ. ನಮ್ಮಲ್ಲಿ ಠೇವಣಿಗೂ ಅದೇ ಮಾತು, ಮೊದಲೇ ಕೊಟ್ಟ ಬಾಡಿಗೆಗೂ ಅದೇ ಮಾತು. 2009ರಲ್ಲಿ ಆ ಬಾಡಿಗೆದಾರರೊಂದಿಗೆ ನನ್ನ ಜಗಳ ಹುಟ್ಟಿದ್ದೂ ಅಲ್ಲೇ. ಠೇವಣಿ ಎಷ್ಟು, ಮುಂಗಡ ಬಾಡಿಗೆ ಎಷ್ಟು, ಅದು ಯಾವ ಯಾವ ತಿಂಗಳಿನದು, ನಡುವೆ ಬಿಟ್ಟರೆ ಎಷ್ಟು ದಿನದೊಳಗೆ ವಾಪಸ್ಸು ಎಂದು ಬಿಡಿಸಿ ಬರೆಸು. ಅವಧಿ 11 ತಿಂಗಳು ಇರಲಿ, ಒಂದು ವರ್ಷ ಮೀರಿದರೆ ನೋಂದಣಿ ಮಾಡಿಸಲೇಬೇಕು.

ಹಿಂದಿನ ಮನೆಯ ಮಾಲೀಕರಿಗೆ ಒಂದು ಫೋನ್ ಮಾಡು. ಬಾಡಿಗೆ ಸರಿಯಾಗಿ ಕೊಡುತ್ತಿದ್ದರೇ ಎಂದಷ್ಟೇ ಕೇಳು. ಕೆಲಸ ಏಕೆ ಹೋಯಿತು ಎಂದು ಅವರನ್ನು ಮತ್ತೆ ಮತ್ತೆ ಕೆದಕಬೇಡ, ಆ ಪ್ರಶ್ನೆ ಅವರಿಗೆ ದಿನವೂ ಎದುರಾಗುತ್ತಿರುತ್ತದೆ.

ಮಹಡಿಯ ಬಚ್ಚಲಿನ ನಲ್ಲಿ ಸೋರುತ್ತಿದೆ ಎಂದಿದ್ದೆಯಲ್ಲ, ಅವರು ಬರುವ ಮೊದಲೇ ಸರಿಮಾಡಿಸು.

ಇಂತಿ ನಿನ್ನ ಪ್ರೀತಿಯ
ಸೋದರಮಾವ