ಕಾರ್ಗಿಲ್ ಓದಿದ ತಂಗಿಗೆ

ಪ್ರೀತಿಯ ತಂಗಿ,

ಕಾರ್ಗಿಲ್ ಯುದ್ಧದ ಪುಸ್ತಕ ಓದಿ ನೀನು ಬರೆದ ಲೇಖನ ತಲುಪಿತು. ಓದಿ ಮುಗಿಸಿದ ರಾತ್ರಿ ನಿದ್ದೆ ಹತ್ತಲಿಲ್ಲ ಎಂದಿದ್ದೀಯ, ನಂಬುತ್ತೇನೆ. ಆದರೆ ನಿನ್ನ ನಿದ್ದೆಗೆಡಿಸಿದ್ದು ಏನು ಅಂತ ಲೇಖನದಲ್ಲಿ ಹುಡುಕಿದರೆ ಸಿಗುವುದಿಲ್ಲ. ‘ಕೆಚ್ಚೆದೆಯ ಕಲಿಗಳು’ ಇದ್ದಾರೆ, ‘ತಾಯ್ನೆಲದ ಋಣ’ ಇದೆ, ‘ನಾವು ನೆಮ್ಮದಿಯಾಗಿ ಮಲಗಲೆಂದು ಅವರು ಎಚ್ಚರವಿದ್ದಾರೆ’ ಎಂಬ ಸಾಲೂ ಇದೆ. ಇಷ್ಟು ಬರೆಯಲು ಪುಸ್ತಕ ಓದಬೇಕಿತ್ತೇ? ಪ್ರತಿ ಜುಲೈ 26ಕ್ಕೆ, ಕಾರ್ಗಿಲ್ ವಿಜಯ ದಿನದಂದು, ಇದೇ ಮಾತುಗಳು ಅಚ್ಚಾಗುತ್ತವೆ. ಆ ಕೊನೆಯ ಸಾಲಂತೂ ನನಗೆ ಸುತರಾಂ ಹಿಡಿಸದು. ಸೈನಿಕನ ಬಗ್ಗೆ ಹೇಳುತ್ತೇವೆ ಅಂದುಕೊಂಡು ನಮ್ಮ ನಿದ್ದೆಯ ಬಗ್ಗೆಯೇ ಹೇಳಿಕೊಳ್ಳುವ ಸಾಲು ಅದು.

ಸೈನಿಕರ ಮೇಲೆ ನಿನಗೆ ಗೌರವ ಮೊದಲೂ ಇತ್ತು. ಪುಸ್ತಕ ಹೊಸದಾಗಿ ಕೊಟ್ಟದ್ದು ಅವರ ಕೆಲಸದ ತಿಳಿವಳಿಕೆ. ಬರೆಯಬೇಕಾದದ್ದು ಅದನ್ನು.

ತೊಲೊಲಿಂಗ್ ಏರಿದ್ದನ್ನು ‘ಶತ್ರುಗಳ ಗುಂಡಿಗೆ ಎದೆಯೊಡ್ಡಿ ಶಿಖರವೇರಿದರು’ ಎಂದು ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿದ್ದೀಯ. ಅಲ್ಲೇ ಸ್ವಲ್ಪ ನಿಲ್ಲು. ಆ ಬೆಟ್ಟ ಇರುವುದು ದ್ರಾಸ್ ಪಟ್ಟಣದ ನೆತ್ತಿಯ ಮೇಲೆ. ಮೇಲೆ ಕೂತವನಿಗೆ ಶ್ರೀನಗರ–ಲೇಹ್ ಹೆದ್ದಾರಿಯಲ್ಲಿ ಹೋಗುವ ಲಾರಿಗಳು ಕಾಣುತ್ತವೆ. ಕಂಡದ್ದಕ್ಕೆ ಫಿರಂಗಿಯ ಗುರಿ ಹೇಳಿಕೊಡಬಹುದು. ಹಾಗಾಗಿ ಅದನ್ನು ಶತ್ರುವಿನ ಕೈಯಲ್ಲಿ ಬಿಡುವಂತಿರಲಿಲ್ಲ. 1999ರ ಮೇ ತಿಂಗಳಿಂದ ನಮ್ಮ ಸೈನ್ಯದ ‘18 ಗ್ರೆನೇಡಿಯರ್ಸ್’ ಎಂಬ ಬೆಟಾಲಿಯನ್ ಪ್ರಯತ್ನಿಸಿ, ತನ್ನ ಅಧಿಕಾರಿಗಳನ್ನೂ ಜವಾನರನ್ನೂ ಕಳೆದುಕೊಂಡಿತ್ತು. ಶಿಖರ ಕೈವಶವಾದದ್ದು ಜೂನ್ 13ರ ಹೊತ್ತಿಗೆ, ‘2 ರಜಪುತಾನಾ ರೈಫಲ್ಸ್’ ಎಂಬ ಇನ್ನೊಂದು ಬೆಟಾಲಿಯನ್‌ನ ದಾಳಿಯಲ್ಲಿ.

ಈಗ ಇಳಿಜಾರನ್ನು ನೋಡು. ಮರವಿಲ್ಲ, ಪೊದೆಯಿಲ್ಲ, ಹಗಲಲ್ಲಿ ತಲೆ ಎತ್ತಿದರೆ ಮೇಲಿನಿಂದ ಗುಂಡು. ಅದಕ್ಕೇ ಏರುವುದೆಲ್ಲ ಕತ್ತಲಲ್ಲಿ. ಹದಿನೈದು ಸಾವಿರ ಅಡಿಯ ಸುಮಾರಿಗೆ ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರ ಮಟ್ಟದ ಅರ್ಧಕ್ಕಿಂತ ತುಸು ಹೆಚ್ಚು, ಅಷ್ಟೇ. ಅಂಥ ಎತ್ತರಕ್ಕೆ ಮೈ ಒಗ್ಗಲೆಂದು ಸೈನ್ಯದಲ್ಲಿ ಒಂದು ಕ್ರಮವಿದೆ: ಮೊದಲ ಹಂತಕ್ಕೆ ಆರು ದಿನ, ಇನ್ನೂ ಮೇಲಕ್ಕೆ ನಾಲ್ಕು, ಅದಕ್ಕೂ ಮೇಲಕ್ಕೆ ಮತ್ತೆ ನಾಲ್ಕು. ಯುದ್ಧದ ಅವಸರದಲ್ಲಿ ಹಲವು ತುಕಡಿಗಳಿಗೆ ಅಷ್ಟೂ ವ್ಯವಧಾನ ಸಿಗಲಿಲ್ಲ. ಬೆನ್ನ ಮೇಲೆ ಗುಂಡು, ಗ್ರೆನೇಡು, ನೀರು. ಏನನ್ನು ಹೊರುವುದು, ಏನನ್ನು ಬಿಡುವುದು ಎಂಬ ಲೆಕ್ಕ ಅಲ್ಲಿ ಸಾವು ಬದುಕಿನ ಲೆಕ್ಕ. ಪಕ್ಕದವನಿಗೆ ಗುಂಡು ತಗುಲಿದರೆ ಅವನನ್ನು ಅದೇ ಕತ್ತಲಲ್ಲಿ, ಅದೇ ಕಲ್ಲುಗಳ ಮೇಲೆ ಹೊತ್ತು ಕೆಳಗಿಳಿಸಬೇಕು; ಅಷ್ಟು ಹೊತ್ತು ಅಷ್ಟು ಹೆಗಲುಗಳು ಕಾದಾಟದಿಂದ ಹೊರಗೆ. ಇದನ್ನು ಒಂದು ಪುಟ ಬರೆ. ‘ಶೌರ್ಯ’ ಎಂಬ ಪದವನ್ನು ಒಮ್ಮೆಯೂ ತರದೆ ಬರೆ, ನೋಡೋಣ.

ಅಂಕಿಅಂಶ ಇದೆಯಲ್ಲ, ಅದೂ ಪೂರ್ತಿ ಇರಲಿ. ನಮ್ಮ ಕಡೆ ಮಡಿದವರು 527 ಎಂದು ಬರೆದೆ, ಸರಿ. ಗಾಯಗೊಂಡವರು ಸಾವಿರದ ಮುನ್ನೂರಕ್ಕೂ ಮೇಲೆ. ಅವರ ಬಗ್ಗೆ ನಿನ್ನ ಲೇಖನದಲ್ಲಿ ಒಂದಕ್ಷರವಿಲ್ಲ. ಕಾಲು ಕಳೆದುಕೊಂಡವನ ಪಾಲಿಗೆ ಯುದ್ಧ ಜುಲೈನಲ್ಲಿ ಮುಗಿಯಲಿಲ್ಲ. ಇನ್ನೊಂದು: ಹಿಂದಿನ ಯುದ್ಧಗಳಲ್ಲಿ ಮಡಿದವರ ಅಂತ್ಯಕ್ರಿಯೆ ಸಾಮಾನ್ಯವಾಗಿ ರಣರಂಗದ ಹತ್ತಿರವೇ ಆಗಿಬಿಡುತ್ತಿತ್ತು. ಕಾರ್ಗಿಲ್‌ನಲ್ಲಿ ಪಾರ್ಥಿವ ಶರೀರಗಳನ್ನು ಅವರವರ ಊರಿಗೆ ಕಳಿಸಿದರು. ಇಡೀ ದೇಶ ಆ ಯುದ್ಧವನ್ನು ಮನೆಮಂದಿಯ ಸಂಕಟವಾಗಿ ಕಂಡದ್ದಕ್ಕೆ ಟಿವಿಯಷ್ಟೇ ಇದೂ ಕಾರಣ ಅಂತ ನನ್ನೆಣಿಕೆ.

ನಿನ್ನ ಮೂರನೇ ಪುಟದಲ್ಲಿ ಶತ್ರುವನ್ನು ಬೈದಿದ್ದೀಯ. ಬೈಗುಳದಿಂದ ನಮ್ಮವರ ತೂಕ ಹೆಚ್ಚುವುದಿಲ್ಲ. ಎದುರಿಗಿದ್ದವನು ಹೇಡಿಯಾಗಿದ್ದರೆ ಬೆಟ್ಟ ಹಿಡಿಯಲು ಅಷ್ಟು ಜನ ಯಾಕೆ ಸಾಯಬೇಕಿತ್ತು? ಅದೇ ದ್ರಾಸ್ ಕಡೆಯ ಇನ್ನೊಂದು ಶಿಖರ ಟೈಗರ್ ಹಿಲ್‌ನಲ್ಲಿ ಕಾದಾಡಿ ಸತ್ತ ಪಾಕಿಸ್ತಾನದ ಕ್ಯಾಪ್ಟನ್ ಕರ್ನಲ್ ಶೇರ್ ಖಾನ್ ಸಂಗತಿ ಗೊತ್ತಿರಬೇಕು. (ಕರ್ನಲ್ ಎಂಬುದು ಅವನ ಹೆಸರು, ಹುದ್ದೆಯಲ್ಲ, ಲೇಖನದಲ್ಲಿ ಎಡವಬೇಡ.) ಅವನು ಕಾದಿದ ಬಗೆ ಕಂಡಿದ್ದ ಭಾರತೀಯ ಬ್ರಿಗೇಡಿಯರ್, ಈತ ಧೀರನಾಗಿ ಹೋರಾಡಿದ, ಇವನಿಗೆ ಸಲ್ಲಬೇಕಾದ ಮನ್ನಣೆ ಸಲ್ಲಲಿ ಎಂಬರ್ಥದ ಚೀಟಿ ಬರೆದು ಶವದ ಜೇಬಿಗಿಟ್ಟು ಕಳಿಸಿದರು. ಆಮೇಲೆ ಅವನಿಗೆ ಆ ದೇಶದ ಅತ್ಯುನ್ನತ ಗೌರವ ನಿಶಾನ್-ಎ-ಹೈದರ್ ಸಿಕ್ಕಿತು. ತನ್ನ ಹುಡುಗರನ್ನು ಕಳೆದುಕೊಂಡ ಅಧಿಕಾರಿ ಬರೆದ ಚೀಟಿ ಅದು! ನಾವು ಕುರ್ಚಿಯಲ್ಲಿ ಕೂತು ಹಲ್ಲು ಕಡಿಯುತ್ತೇವೆ.

ಸೇವೆ ಎಂದರೆ ಕಾಳಗ ಮಾತ್ರ ಎಂಬಂತೆಯೂ ಬರೆಯಬೇಡ. ಧಾರವಾಡ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ 2016ರ ಫೆಬ್ರವರಿಯಲ್ಲಿ ಸಿಯಾಚಿನ್‌ನ ಹಿಮದಡಿ ಆರು ದಿನ ಹೂತಿದ್ದು, ಜೀವಂತ ಸಿಕ್ಕಿ, ದೆಹಲಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಅಲ್ಲಿ ಯಾರೂ ಗುಂಡು ಹಾರಿಸಿರಲಿಲ್ಲ. ಹತ್ತೊಂಬತ್ತು ಸಾವಿರ ಅಡಿಯ ಮೇಲಿನ ಪೋಸ್ಟಿನಲ್ಲಿ ಇರುವುದೇ ಅವರ ಡ್ಯೂಟಿಯಾಗಿತ್ತು.

ತಿದ್ದುವ ಮುನ್ನ ಒಬ್ಬ ಮಾಜಿ ಸೈನಿಕರನ್ನಾದರೂ ಕಂಡು ಬಾ. ‘ಎಷ್ಟು ಜನರನ್ನು ಕೊಂದಿರಿ’ ಅಂತ ದಯವಿಟ್ಟು ಕೇಳಬೇಡ. ರಾತ್ರಿ ಸೆಂಟ್ರಿ ಡ್ಯೂಟಿ ಎಷ್ಟು ಗಂಟೆ, ಒದ್ದೆ ಸಾಕ್ಸ್ ಎಲ್ಲಿ ಒಣಗಿಸುತ್ತಿದ್ದಿರಿ, ರಜೆ ರದ್ದಾದಾಗ ಮನೆಗೆ ಏನೆಂದು ಬರೆದಿರಿ, ಇಂಥವು ಕೇಳು. ಅವರು ಹೇಳಲು ಇಷ್ಟಪಡದ ಕಡೆ ಒತ್ತಾಯ ಬೇಡ. ಸುಮ್ಮನಾದರು ಎಂದಷ್ಟೇ ಬರೆದುಕೋ. ಹಾಗೆಯೇ, ಪುಸ್ತಕ ಬರೆದವರು ಎಲ್ಲಿಂದ ನೋಡಿ ಬರೆದಿದ್ದಾರೆ, ಬೆಟ್ಟದ ಮೇಲಿನಿಂದಲೋ, ಕಂಟ್ರೋಲ್ ರೂಮಿನಿಂದಲೋ, ವರ್ಷಗಳ ಮೇಲೆ ಸಂದರ್ಶನ ಮಾಡಿಯೋ, ಅದನ್ನೂ ಓದುಗರಿಗೆ ತಿಳಿಸು.

ಶೀರ್ಷಿಕೆಯಲ್ಲಿ ‘ನಮನ’ ಬೇಡ. ಮೊದಲ ಎರಡು ಪ್ಯಾರಾ ಹೊಡೆದುಹಾಕಿ ತೊಲೊಲಿಂಗ್‌ನಿಂದಲೇ ಶುರುಮಾಡು. ತಿದ್ದಿದ ಪ್ರತಿ ಕಳಿಸು, ಓದುತ್ತೇನೆ.

ನಿನ್ನ ಅಣ್ಣ