ಜನಸಂದಣಿ ಮಸೂದೆ: ಶಿರಸಿಯ ಅಭಿಪ್ರಾಯ ಬರೆಸಿದವರಿಗೆ ವಂದನೆ

ಜನಸಂದಣಿ ನಿಯಂತ್ರಣ ಮಸೂದೆಯ ಬಗ್ಗೆ ನಮ್ಮ ಸ್ಥಾಯಿ ಸಮಿತಿ ಸಿದ್ಧಪಡಿಸಿದ ಅಭಿಪ್ರಾಯ ನಗರಸಭೆಯಲ್ಲಿ ಠರಾವಾಗಿ ಬೆಂಗಳೂರಿಗೆ ಹೋಗಿದೆ. ಅದರಲ್ಲಿ ಸಮಿತಿಯವರ ಸ್ವಂತ ಬುದ್ಧಿ ಅರ್ಧ ಪುಟಕ್ಕಿಂತ ಹೆಚ್ಚಿಲ್ಲ. ಉಳಿದದ್ದೆಲ್ಲ ಊರವರು ಹೇಳಿದ್ದು. ನಮ್ಮ ಅವಧಿ ಮುಗಿಯುವ ಮೊದಲೇ ಅವರಿಗೆ ಧನ್ಯವಾದ ಹೇಳಿಬಿಡಬೇಕು.

2025ರ ಜೂನ್ 4ರಂದು ಆರ್‌ಸಿಬಿ ವಿಜಯೋತ್ಸವದ ದಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ ಕಾಲ್ತುಳಿತಕ್ಕೆ 11 ಮಂದಿ ಬಲಿಯಾದರು. ಮಸೂದೆ ಹುಟ್ಟಿದ್ದು ಆ ದುರಂತದಿಂದ. ಆಗಸ್ಟ್ ಅಧಿವೇಶನದಲ್ಲಿ ಮಂಡನೆಯಾಗಿ, ಆಕ್ಷೇಪ ಎದ್ದು, ಸದನ ಸಮಿತಿಗೆ ಹೋಯಿತು. 7,000ದೊಳಗಿನ ಜನಕ್ಕೆ ಠಾಣಾಧಿಕಾರಿ, 50,000ದವರೆಗೆ ಡಿವೈಎಸ್‌ಪಿ, ಅದಕ್ಕೂ ಮೇಲಾದರೆ ಎಸ್‌ಪಿ ಅಥವಾ ಕಮಿಷನರ್ ಅನುಮತಿ ಕೊಡಬೇಕು ಎನ್ನುತ್ತದೆ ಅದು. ಹೊಣೆಯೆಲ್ಲ ‘ಆಯೋಜಕ’ನ ತಲೆಗೆ.

“ಕಾಯ್ದೆ ಮಾಡೋದು ಶಾಸನಸಭೆ. ನಮ್ಮನ್ನ ಕೇಳಿದವರು ಯಾರು?” ಎಂದರು ಹಿರಿಯ ಸದಸ್ಯರೊಬ್ಬರು. ಮೊದಲ ವಂದನೆ ಅವರಿಗೇ. ನಗರಸಭೆಯ ಠರಾವನ್ನು ಸದನ ಒಪ್ಪಲೇಬೇಕೆಂದಿಲ್ಲ, ನಿಜ. ಆದರೆ ಜನ ಸೇರಿದಲ್ಲಿ ನೀರು, ಬೀದಿದೀಪ, ಶೌಚಾಲಯ, ಕಸ ನೋಡಿಕೊಳ್ಳುವವರು ನಾವು. ಅವರಿಗೆ ಉತ್ತರ ಕೊಡುವ ಹಟದಲ್ಲೇ ನಮ್ಮ ಅಭಿಪ್ರಾಯಕ್ಕೊಂದು ಬುನಾದಿ ಸಿಕ್ಕಿತು.

ಎರಡನೆಯದು ಬೇಡರ ವೇಷದ ಹುಡುಗರಿಗೆ. ಬೇಡನ ವೇಷ ತೊಟ್ಟವನು ಹಲಗೆಯ ಬಡಿತಕ್ಕೆ ಬೀದಿಯಲ್ಲಿ ಅಬ್ಬರಿಸಿ ಕುಣಿಯುವುದು, ಅವನನ್ನು ಹಿಂದಿನಿಂದ ಹಗ್ಗ ಹಿಡಿದು ತಡೆಯುವುದು, ಇದು ಆ ಆಟ. ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಯಿಲ್ಲದ ವರ್ಷ ಹೋಳಿಯ ರಾತ್ರಿಗಳಲ್ಲಿ ಕೇರಿಕೇರಿಯಿಂದ ವೇಷ ಹೊರಡುತ್ತದೆ. ಯಾವ ಕೇರಿಯ ವೇಷ ಎಷ್ಟು ಹೊತ್ತಿಗೆ ಯಾವ ಸರ್ಕಲ್ಲಿಗೆ ಬರುತ್ತದೆ ಎಂದು ಆಡುವವರಿಗೇ ಗೊತ್ತಿರುವುದಿಲ್ಲ. ಇಲ್ಲಿ ಆಯೋಜಕ ಯಾರು? ವೇಷ ಕಟ್ಟಿದವನೋ, ಹಗ್ಗ ಹಿಡಿದವನೋ, ಹಲಗೆ ಬಡಿಯುವವನೋ? ಅರ್ಜಿಯಲ್ಲಿ ಯಾರ ಸಹಿ? ನಾವು ಇಷ್ಟು ಕೇಳಿದ್ದಕ್ಕೆ ಹುಡುಗರು ನಕ್ಕರು. ನಕ್ಕ ಮೇಲೆ ಅವರು ಹೇಳಿದ್ದು ಯಾವ ಕರಡಿನಲ್ಲೂ ಇಲ್ಲದ ಮಾತು: ವೇಷ ಮೈಮೇಲೆ ಎರಗಿ ಬಂದಾಗ ಮುಂದಿನ ಸಾಲು ತಟ್ಟನೆ ಹಿಂದೆ ಸರಿಯುತ್ತದೆ, ಹಿಂದಿದ್ದವರಿಗೆ ಅದು ಕಾಣದೆ ಅವರು ಮುಂದೆ ನೂಕುತ್ತಾರೆ. ಅಪಾಯ ಇರುವುದು ಆ ಗಳಿಗೆಯಲ್ಲಿ. ಏಳು ಸಾವಿರ, ಐವತ್ತು ಸಾವಿರ ಎಂಬ ಲೆಕ್ಕದಿಂದ ಅದು ಸಿಗುವುದಿಲ್ಲ. ಇಕ್ಕಟ್ಟಾದ ಓಣಿಗೆ ಐನೂರು ಜನವೂ ಹೆಚ್ಚೇ. ಜನರ ಸಂಖ್ಯೆಯ ಜೊತೆ ಜಾಗದ ಅಗಲವನ್ನೂ ನೋಡಿ ಎಂದು ಬರೆದದ್ದು ಇವರ ಮಾತಿನ ಮೇಲೆಯೇ.

ಜಾತ್ರೆಯ ವಿಚಾರ ಬಂದಾಗ ದೇವಸ್ಥಾನದ ಬಾಬುದಾರರು, ಅಂದರೆ ಜಾತ್ರೆಯ ಕೆಲಸಗಳನ್ನು ವಂಶಪಾರಂಪರ್ಯವಾಗಿ ಮಾಡುವವರು, ತಾಳ್ಮೆಯಿಂದ ಕೂತು ವಿವರಿಸಿದರು. ರಥ ದೇವಸ್ಥಾನದಿಂದ ಜಾತ್ರೆ ನಡೆಯುವ ಬಿಡ್ಕಿಬೈಲಿನ ಗದ್ದುಗೆಗೆ ಬರುವ ದಿನ ಯಾರ ಕೆಲಸ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂಬುದು ಅವರಲ್ಲಿ ತಲೆಮಾರುಗಳಿಂದ ಹಂಚಿಹೋಗಿದೆ. ಅಷ್ಟು ಜನರ ನಡುವೆ ಒಬ್ಬನನ್ನು ಆರಿಸಿ ಜೈಲಿಗೆ ಕಳಿಸುತ್ತೇವೆಂದರೆ ಮುಂದೆ ಯಾರೂ ಹೊಣೆಗೆ ಹೆಗಲು ಕೊಡಲಾರರು. ಹಾಗೆಂದು ಜಾತ್ರೆಗೆ ಯಾವ ನಿಯಮವೂ ಬೇಡ ಎಂಬ ಮಾತನ್ನು ನಾನು ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ. ಅಮ್ಮನ ದರ್ಶನಕ್ಕೆ ಮಗು ಎತ್ತಿಕೊಂಡು ಬಂದವಳಿಗೆ ಹೊರಹೋಗುವ ದಾರಿ ತೆರೆದಿರಬೇಕು. ಅದು ಭಕ್ತಿಗೆ ಅಡ್ಡಿಯಲ್ಲ.

ಆ ದಾರಿ ಎಲ್ಲಿ ಮುಚ್ಚಿಹೋಗುತ್ತದೆ ಎಂದು ನಕಾಶೆಯ ಮೇಲೆ ಬೆರಳಿಟ್ಟು ತೋರಿಸಿದವರು ಪೌರಕಾರ್ಮಿಕ ಅಕ್ಕಂದಿರು. ಜಾತ್ರೆಯ ಒಂಬತ್ತು ದಿನವೂ ನಸುಕಿಗೇ ಕಸ ಎತ್ತುವ ಅವರಿಗೆ, ಯಾವ ಅಂಗಡಿ ಎಷ್ಟು ಮುಂದೆ ಚಾಚಿದೆ ಎಂಬುದು ಜಾಗ ಹಂಚಿದವರಿಗಿಂತ ಚೆನ್ನಾಗಿ ಗೊತ್ತು. ಇಷ್ಟು ವರ್ಷ ಅವರನ್ನು ಯಾರೂ ಕೇಳಿರಲಿಲ್ಲವಂತೆ.

ಕೊನೆಗೆ ಮಸೂದೆಯ ಉದ್ದೇಶಕ್ಕೆ ಬೆಂಬಲ ಕೊಟ್ಟೆವು. ಆಯೋಜಕರಿಲ್ಲದ ಆಚರಣೆಗಳನ್ನು ಬೇರೆಯಾಗಿ ನೋಡಬೇಕು, ಅನುಮತಿ ಕೊಡುವ ಮುನ್ನ ಪೊಲೀಸರು ಸ್ಥಳೀಯ ಸಂಸ್ಥೆಯನ್ನೂ ಕೇಳಬೇಕು ಎಂದು ಸೇರಿಸಿದೆವು. ಜಾತ್ರೆ, ಉತ್ಸವಗಳನ್ನು ಪೂರ್ತಿ ಹೊರಗಿಡಬೇಕೆಂದ ಸದಸ್ಯರು ಸಹಿಗೆ ಒಪ್ಪಲಿಲ್ಲ. ಆದರೂ ಸಭೆ ಬಿಟ್ಟು ಏಳದೆ ತಮ್ಮ ಭಿನ್ನಾಭಿಪ್ರಾಯವನ್ನು ನಡಾವಳಿಯಲ್ಲಿ ಬರೆಸಿದರು. ನಮ್ಮ ಸಭೆಗಳನ್ನು ಕಂಡವರಿಗೆ ಇದು ಸಣ್ಣ ಸಂಗತಿ ಅನ್ನಿಸಲಾರದು! ಅವರಿಗೂ, ಕಲಮು ಕಲಮನ್ನೂ ಬಿಡಿಸಿ ಹೇಳಿದ ವಕೀಲರಿಗೂ, ತಿದ್ದಿದ್ದನ್ನೇ ತಿದ್ದಿಸಿದರೂ ಬೇಸರಿಸದೆ ‘ನುಡಿ’ ತಂತ್ರಾಂಶದಲ್ಲಿ ಟೈಪು ಮಾಡಿಕೊಟ್ಟ ಗುಮಾಸ್ತರಿಗೂ ನಮಸ್ಕಾರ.

ಠರಾವಿನ ಪ್ರತಿ ನಗರಸಭೆ ಕಚೇರಿಯಲ್ಲಿದೆ, ಕೇಳಿ ಓದಬಹುದು. ಬಿಡ್ಕಿಬೈಲಿನ ಹಳೆಯ ನಕಾಶೆ ಕೊಟ್ಟವರು ದಯವಿಟ್ಟು ಬಂದು ಒಯ್ಯಿರಿ, ಕಪಾಟಿನಲ್ಲಿ ಜೋಪಾನವಾಗಿಟ್ಟಿದ್ದೇವೆ.